ಕ್ವಾರ್ಟರ್‌ಬ್ಯಾಕ್ ಎಂಬ ಚೀಟಿ: ಕೂಗಿ ಎತ್ತಬೇಕೇ, ಕಾಯಬೇಕೇ?

2014ರ ಡಿಸೆಂಬರ್ 7, ಭಾನುವಾರ. ಅಮೆರಿಕನ್ ಫುಟ್‌ಬಾಲ್‌ನ ವಾಷಿಂಗ್ಟನ್ ತಂಡದ ಮೈದಾನ. ಟಾಸ್ ಹೊತ್ತಿಗೆ ಎದುರಾಳಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಕಡೆಯಿಂದ ಆರು ಜನ ಕ್ಯಾಪ್ಟನ್‌ಗಳು ನಡೆದುಬಂದರು. ಮೈಕಲ್ ಬ್ರಾಕರ್ಸ್, ಜನೋರಿಸ್ ಜೆಂಕಿನ್ಸ್, ಅಲೆಕ್ ಓಗಲ್‌ಟ್ರೀ, ಸ್ಟೆಡ್‌ಮನ್ ಬೇಲಿ, ಝ್ಯಾಕ್ ಸ್ಟೇಸಿ, ಗ್ರೆಗ್ ರಾಬಿನ್ಸನ್. ಈ ಆರು ಹೆಸರುಗಳೇ ಯಾಕೆ? ಎರಡೂವರೆ ವರ್ಷದ ಹಿಂದೆ ಒಬ್ಬನೇ ಒಬ್ಬ ಹುಡುಗನಿಗಾಗಿ ವಾಷಿಂಗ್ಟನ್ ಕಾಲೇಜಿನಿಂದ ಬರುವ ಹೊಸಬರನ್ನು ಆರಿಸಿಕೊಳ್ಳುವ ತನ್ನ ಸರದಿಗಳನ್ನು ರ‍್ಯಾಮ್ಸ್‌ಗೆ ಬರೆದುಕೊಟ್ಟಿತ್ತಲ್ಲ, ಆ ವ್ಯಾಪಾರದಿಂದ ರ‍್ಯಾಮ್ಸ್‌ಗೆ ದಕ್ಕಿದವರು ಇವರು. ನಮ್ಮಿಂದ ಕೊಂಡ ಒಡವೆ ಹಾಕಿಕೊಂಡು ನಮ್ಮ ಮನೆ ಮದುವೆಗೇ ಬಂದ ಹಾಗೆ. ಆಟ ಶುರುವಾದಾಗ ಆ ಒಬ್ಬ ಹುಡುಗ, ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್, ಬೆಂಚಿನ ಮೇಲೆ ಕೂತಿದ್ದ. ರ‍್ಯಾಮ್ಸ್ 24–0ಯಿಂದ ಗೆದ್ದಿತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಎದ್ದೇಳುವ ಒಂದು ಜಗಳವಿದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ, ಕೈಗೆ ಮೇಲಿನ ಸರದಿ ಬಂದಾಗ, ಒಬ್ಬ ಹುಡುಗ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಬೇಕೇ? ಅಥವಾ ಆ ಸರದಿಯನ್ನು ಆತುರದ ಬೇರೆ ತಂಡಕ್ಕೆ ಮಾರಿ, ತಾನು ಕೆಳಕ್ಕೆ ಸರಿದು, ಬದಲಿಗೆ ನಾಲ್ಕಾರು ಸರದಿಗಳನ್ನು ಪಡೆಯಬೇಕೇ? ಆ ಟಾಸ್ ನೋಡಿದವರಿಗೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸಬಹುದು. ಸಿಕ್ಕಿಲ್ಲ. ಆ ಕಥೆಗೆ ಬಾಲ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಕ್ವಾರ್ಟರ್‌ಬ್ಯಾಕ್ ಯಾರು ಅನ್ನುವುದು. ಕ್ರಿಕೆಟ್ ನೋಡಿ ಬೆಳೆದವರಿಗೆ ಹೀಗೆ ಹೇಳಬಹುದು: ಇನಿಂಗ್ಸ್‌ನ ಪ್ರತಿ ಎಸೆತಕ್ಕೂ ಒಬ್ಬನೇ ಬ್ಯಾಟ್ಸ್‌ಮನ್ ಸ್ಟ್ರೈಕ್‌ನಲ್ಲಿದ್ದರೆ, ಅವನೇ ಕ್ಯಾಪ್ಟನ್ನೂ ಆಗಿದ್ದರೆ ಹೇಗೋ ಹಾಗೆ. ತಂಡ ದಾಳಿಗೆ ನಿಂತಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಿನಿಂದ ನೂರಿಪ್ಪತ್ತು, ನೂರೈವತ್ತು ಕೆಜಿಯ ಆಳುಗಳು ನುಗ್ಗುತ್ತಿರುತ್ತಾರೆ. ಅವರನ್ನು ತಡೆಯಲು ಅವನ ಮುಂದೆ ಐದು ಜನ ದಡಿಯರು ಗೋಡೆ ಕಟ್ಟಿ ನಿಂತಿರುತ್ತಾರೆ. ಮೂರು ಸೆಕೆಂಡಿನ ಆಸುಪಾಸಿನಲ್ಲಿ ಯಾರಿಗೆ ಎಸೆಯಬೇಕು ಎಂದು ನೋಡಿ, ನಿರ್ಧರಿಸಿ, ಎಸೆದು ಮುಗಿಸಬೇಕು. ಈ ಕೆಲಸವನ್ನು ನಿಜವಾಗಿ ಚೆನ್ನಾಗಿ ಮಾಡಬಲ್ಲವರು ಯಾವ ಕಾಲದಲ್ಲೂ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಇರುವುದಿಲ್ಲ. ತಂಡಗಳು 32. ತೊಂದರೆ ಹುಟ್ಟುವುದೇ ಈ ಲೆಕ್ಕದಲ್ಲಿ.

ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹೊಸ ಆಟಗಾರರು ಬರುವುದು ಐಪಿಎಲ್ ಥರ ಹರಾಜಿನಿಂದಲ್ಲ, ಡ್ರಾಫ್ಟ್‌ನಿಂದ. ಇಲ್ಲಿ ದುಡ್ಡು ಕೂಗುವಂತಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಫೈನಲ್ ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. ಕಾಲೇಜು ಮುಗಿಸಿ ಬಂದ ಹುಡುಗನಿಗೆ ಯಾವ ಊರು ಬೇಕು ಎಂದು ಕೇಳುವವರಿಲ್ಲ. ಆದರೆ ಸರದಿ ಮಾತ್ರ ಆಸ್ತಿ ಇದ್ದ ಹಾಗೆ: ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷದ್ದನ್ನೂ ಇವತ್ತೇ ಅಡವಿಡಬಹುದು.

ಸಂಬಳಕ್ಕೂ ಕಟ್ಟುಪಾಡಿದೆ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ರ‍್ಯಾಮ್ಸ್ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ ಬರೆದುಕೊಟ್ಟಿತು. ಅದರಲ್ಲಿ 5 ಕೋಟಿ ಖಾತರಿ ಹಣ. ಒಂದು ಪಂದ್ಯವನ್ನೂ ಆಡದ ಹುಡುಗನಿಗೆ ಇಷ್ಟು ಕೊಡುವುದು ಹುಚ್ಚು ಎಂದು ಮಾಲೀಕರಿಗೂ ಹಳೇ ಆಟಗಾರರಿಗೂ ಅನ್ನಿಸಿ, 2011ರ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ಬೇಲಿ ಹಾಕಿದರು. ಆ ವರ್ಷ ಮೊದಲನೆಯವನಾಗಿ ಬಂದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದ ಅಂತರ, ಅದೇ ಮೊದಲ ಕುರ್ಚಿ.

ಇಡೀ ಜಗಳದ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ರತಿ ತಂಡಕ್ಕೂ ಒಟ್ಟು ಸಂಬಳದ ಮಿತಿ ಇದೆ. 2024ರಲ್ಲಿ ಅದು 25.54 ಕೋಟಿ ಡಾಲರ್. ಪಳಗಿದ ಕ್ವಾರ್ಟರ್‌ಬ್ಯಾಕ್ ದುಬಾರಿ: ಆ ವರ್ಷವೇ ಡಾಲಸ್ ತಂಡ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ ಸರಾಸರಿ 6 ಕೋಟಿಯ ಒಪ್ಪಂದ ಕೊಟ್ಟಿತು. ಅದೇ ವರ್ಷ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಬಂದ ಕೇಲೆಬ್ ವಿಲಿಯಮ್ಸ್‌ಗೆ ಬೀಳುವುದು ವರ್ಷಕ್ಕೆ ಸುಮಾರು 1 ಕೋಟಿ. ಉಳಿಯುವ 5 ಕೋಟಿಯಲ್ಲಿ ಗೋಡೆ ಕಟ್ಟುವ ಒಳ್ಳೆಯ ಆಳುಗಳನ್ನೂ, ಚೆಂಡು ಹಿಡಿಯುವವರನ್ನೂ, ಎದುರಾಳಿಯನ್ನು ಕೆಡಹುವವರನ್ನೂ ಕೊಳ್ಳಬಹುದು. ಮೊದಲ ಸುತ್ತಿನವನಾದರೆ ಐದನೇ ವರ್ಷವನ್ನೂ ನಿಗದಿತ ದರದಲ್ಲಿ ಇಟ್ಟುಕೊಳ್ಳುವ ಹಕ್ಕು ತಂಡಕ್ಕಿರುತ್ತದೆ. ಅಂದರೆ ಡ್ರಾಫ್ಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆರಿಸುವ ತಂಡ ಕೊಳ್ಳುತ್ತಿರುವುದು ನಾಲ್ಕೈದು ಅಗ್ಗದ ವರ್ಷಗಳನ್ನು. ಹುಡುಗ ನಿಜಕ್ಕೂ ಒಳ್ಳೆಯವನಾದರೆ ಈ ಆಟದಲ್ಲಿ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಹಾಗಾದರೆ ಸರದಿಗಳನ್ನು ತೂಗುವುದು ಹೇಗೆ? 1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದ ಡಾಲಸ್ ಕೌಬಾಯ್ಸ್ ಒಂದು ಪಟ್ಟಿ ಮಾಡಿಕೊಂಡಿತು. 1ನೇ ಸರದಿಗೆ 3000 ಅಂಕ, 2ಕ್ಕೆ 2600, 10ಕ್ಕೆ 1300, ಮೊದಲ ಸುತ್ತಿನ ಕೊನೆಯ 32ಕ್ಕೆ 590. ಮಂಡಿಪೇಟೆಯಲ್ಲಿ ಬೆಳಿಗ್ಗೆ ಹಲಗೆಯ ಮೇಲೆ ದರ ಬರೆದಿಡುತ್ತಾರಲ್ಲ, ಅಂಥದ್ದು. ಕ್ರಮೇಣ ಎಲ್ಲ ತಂಡಗಳೂ ಈ ಪಟ್ಟಿಯನ್ನೋ ಇದರ ತಮ್ಮನನ್ನೋ ಇಟ್ಟುಕೊಂಡು ಚೌಕಾಸಿ ಮಾಡತೊಡಗಿದವು.

2023ರ ಒಂದು ವ್ಯಾಪಾರವನ್ನು ಇದರ ಮೇಲೆ ಇಟ್ಟು ನೋಡಿ. ಶಿಕಾಗೊ ಬೇರ್ಸ್ ಬಳಿ 1ನೇ ಸರದಿ ಇತ್ತು, ಕ್ಯಾರೊಲೈನಾ ಪ್ಯಾಂಥರ್ಸ್ ಬಳಿ 9ನೆಯದು. 9ಕ್ಕೆ 1350 ಅಂಕ. ಪ್ಯಾಂಥರ್ಸ್ ಅದರ ಮೇಲೆ 61ನೆಯದನ್ನೂ ಇಟ್ಟಿತು, 292. ಒಟ್ಟು 1642. ಮೂರು ಸಾವಿರಕ್ಕೆ ಇನ್ನೂ 1358 ಕಡಿಮೆ. ಆ ಹಳ್ಳ ತುಂಬಲು 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಸಾಲದ್ದಕ್ಕೆ ಚೆಂಡು ಹಿಡಿಯುವ ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್‌ನನ್ನೇ ಎತ್ತಿ ಕೊಟ್ಟಿತು. ಬಂದವನು ಬ್ರೈಸ್ ಯಂಗ್ ಎಂಬ ಕ್ವಾರ್ಟರ್‌ಬ್ಯಾಕ್.

ಈ ದರಪಟ್ಟಿ ಸರಿಯೇ ಎಂದು ಇಬ್ಬರು ಪ್ರಾಧ್ಯಾಪಕರು ಕೇಳಿದರು. ಕೇಡ್ ಮ್ಯಾಸಿ ಮತ್ತು ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್. ವರ್ಷಗಟ್ಟಲೆ ಡ್ರಾಫ್ಟ್‌ಗಳನ್ನು ಹರವಿಕೊಂಡು ಕೂತ ಅವರಿಗೆ ಕಂಡದ್ದು ಇದು: ಸರದಿ ಇಳಿದಂತೆ ಆಟಗಾರರ ಗುಣಮಟ್ಟ ಇಳಿಯುತ್ತದೆ ನಿಜ, ಆದರೆ ಪಟ್ಟಿಯ ದರ ಇಳಿಯುವಷ್ಟು ಬೇಗ ಇಳಿಯುವುದಿಲ್ಲ. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮ ಎನಿಸಿಕೊಳ್ಳುವ ಸಾಧ್ಯತೆ ಶೇ 52ರಷ್ಟು ಮಾತ್ರ. ಕೋಟ್ಯಂತರ ಡಾಲರ್ ಖರ್ಚು ಮಾಡಿ, ದೇಶವೆಲ್ಲ ಸುತ್ತಿ, ಹುಡುಗರ ಅಂಗೈ ಅಗಲವನ್ನೂ ಅಳೆದು ಬರುವವರ ತೀರ್ಪು, ನಾಣ್ಯ ಚಿಮ್ಮಿದ್ದಕ್ಕಿಂತ ಕೂದಲೆಳೆಯಷ್ಟು ಮೇಲು.

ಅವರು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಇಷ್ಟ. ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನು ತಂಡಗಳು ಈ ವರ್ಷದ ಎರಡನೇ ಸುತ್ತಿನ ಸರದಿಗೆ ಸಮ ಎಂದು ಲೆಕ್ಕ ಹಾಕುತ್ತವೆ. ಬಿಡಿಸಿ ನೋಡಿದರೆ ಇದು ವರ್ಷಕ್ಕೆ ಶೇ 100 ದಾಟುವ ಬಡ್ಡಿ. ನಮ್ಮ ಕಡೆ ಇದಕ್ಕೆ ಮೀಟರ್ ಬಡ್ಡಿ ಎನ್ನುತ್ತಾರೆ. ಚೀಟಿ ಹಾಕಿದವರಿಗಂತೂ ಈ ಇಡೀ ವ್ಯವಹಾರ ಹೊಸದಲ್ಲ: ತುರ್ತು ಇದ್ದವನು ಕೂಗಿ ಮೊದಲೇ ಎತ್ತುತ್ತಾನೆ, ಒಂದು ಲಕ್ಷದ ಚೀಟಿಗೆ ಎಪ್ಪತ್ತು ಸಾವಿರ ತಗೊಂಡು ಹೋಗುತ್ತಾನೆ. ಉಳಿದ ಮೂವತ್ತು ಸಾವಿರ ಕಾಯಬಲ್ಲವರ ನಡುವೆ ಹಂಚಿಕೆಯಾಗುತ್ತದೆ. ಕೆಳಕ್ಕೆ ಸರಿಯುವ ತಂಡ, ಕಾಯುವ ಸದಸ್ಯ. ಮೇಲೇರುವ ತಂಡ, ಮಗಳ ಮದುವೆ ಮುಂದಿಟ್ಟುಕೊಂಡು ಬಂದವನು. ಇಲ್ಲಿ ಮದುವೆ ಅಂದರೆ ಕೋಚ್ ಮತ್ತು ಮ್ಯಾನೇಜರ್ ಕೆಲಸ: ಈ ವರ್ಷ ಗೆಲ್ಲದಿದ್ದರೆ ಇಬ್ಬರೂ ಮನೆಗೆ. ಎರಡು ವರ್ಷದಾಚೆಯ ಸರದಿ ಯಾರ ಕೈಗೆ ಬಂದರೆ ಅವರಿಗೇನು?

ಇಲ್ಲಿಗೆ ನಿಲ್ಲಿಸಿದರೆ ಕಾಯುವವರ ಪಕ್ಷ ಗೆದ್ದಂತೆ. ಆದರೆ ಮ್ಯಾಸಿ–ಥೇಲರ್ ಲೆಕ್ಕ ಶುರುಮಾಡಿದ್ದು 2011ಕ್ಕೆ ಮುಂಚಿನ ಸಂಬಳಗಳ ಮೇಲೆ, ಎಲ್ಲ ಜಾಗದ ಆಟಗಾರರನ್ನೂ ಒಟ್ಟಿಗೆ ಸೇರಿಸಿ. ಕ್ವಾರ್ಟರ್‌ಬ್ಯಾಕ್ ಈ ಸರಾಸರಿಗೆ ಬಗ್ಗುವ ಪ್ರಾಣಿಯಲ್ಲ. ಮೂವರು ಒಳ್ಳೆಯ ಡಿಫೆಂಡರ್‌ಗಳು ಸೇರಿದರೆ ಒಬ್ಬ ಅದ್ಭುತ ಡಿಫೆಂಡರ್‌ಗೆ ಸರಿದೂಗಬಹುದು. ಮೂವರು ಸಾಧಾರಣ ಕ್ವಾರ್ಟರ್‌ಬ್ಯಾಕ್‌ಗಳು ಸೇರಿದರೆ ಒಬ್ಬ ಸಾಧಾರಣ ಕ್ವಾರ್ಟರ್‌ಬ್ಯಾಕ್ ಮತ್ತು ಇಬ್ಬರು ಬೆಂಚು ಕಾಯುವವರು, ಅಷ್ಟೆ. ಮೈದಾನದಲ್ಲಿ ಆ ಜಾಗ ಒಂದೇ.

2017ರ ಡ್ರಾಫ್ಟ್ ಈ ಎರಡೂ ಸತ್ಯಗಳನ್ನು ಒಂದೇ ಸಂಜೆ ತೋರಿಸಿತು. 3ನೇ ಸರದಿಯಲ್ಲಿದ್ದ ಬೇರ್ಸ್, ಒಂದೇ ಮೆಟ್ಟಿಲು ಮೇಲೇರಿ 2ಕ್ಕೆ ಹೋಗಲು ಎರಡು ಮೂರನೇ ಸುತ್ತಿನ ಸರದಿ ಮತ್ತು ಒಂದು ನಾಲ್ಕನೆಯದನ್ನು ಕೊಟ್ಟು ಮಿಚೆಲ್ ಟ್ರುಬಿಸ್ಕಿಯನ್ನು ತಂದಿತು. 27ರಲ್ಲಿದ್ದ ಕಾನ್ಸಸ್ ಸಿಟಿ ಚೀಫ್ಸ್, ಬಫಲೋ ತಂಡಕ್ಕೆ ಆ 27ನ್ನೂ, ಒಂದು ಮೂರನೇ ಸುತ್ತನ್ನೂ, ಮರುವರ್ಷದ ಮೊದಲ ಸುತ್ತನ್ನೂ ಕೊಟ್ಟು 10ಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರಿಸಿತು. ಟ್ರುಬಿಸ್ಕಿ ನಾಲ್ಕು ವರ್ಷಕ್ಕೆ ಶಿಕಾಗೊ ಬಿಟ್ಟ. ಮಹೋಮ್ಸ್ 2024ರ ಫೆಬ್ರುವರಿ ಹೊತ್ತಿಗೆ ಮೂರು ಸೂಪರ್ ಬೌಲ್ ಗೆದ್ದಿದ್ದ. ಅಂದರೆ ಮೇಲೇರುವುದೇ ತಪ್ಪಲ್ಲ. ಚೀಫ್ಸ್‌ಗೆ ಆ ಹುಡುಗನ ಬಗ್ಗೆ ಖಚಿತ ಅಭಿಪ್ರಾಯ ಇತ್ತು, ಕೊಟ್ಟ ಬೆಲೆ ಮನೆ ಮಾರುವಂಥದ್ದಾಗಿರಲಿಲ್ಲ. ಅದಕ್ಕಿಂತ ಮುಖ್ಯ, ಅಲೆಕ್ಸ್ ಸ್ಮಿತ್ ಎಂಬ ಪಳಗಿದ ಕ್ವಾರ್ಟರ್‌ಬ್ಯಾಕ್ ಆಗಲೇ ಮನೆಯಲ್ಲಿದ್ದ. ಹಾಗಾಗಿ ಮಹೋಮ್ಸ್‌ನನ್ನು ಒಂದು ವರ್ಷ ಹೆಚ್ಚುಕಡಿಮೆ ಪೂರ್ತಿ ಕೂರಿಸಿ ಕಲಿಸಿದರು, ಋತುವಿನ ಕೊನೆಯ ಪಂದ್ಯದಲ್ಲಷ್ಟೇ ಇಳಿಸಿದರು.

ಅಂಥ ಕುರ್ಚಿ ಎಲ್ಲರಿಗೂ ಸಿಗುವುದಿಲ್ಲ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ಮೊದಲ ಸರದಿಯಲ್ಲಿ ಡೇವಿಡ್ ಕಾರ್‌ನನ್ನು ಆರಿಸಿತು. ಗೋಡೆ ಇರಬೇಕಾದ ಕಡೆ ತಟ್ಟಿ ಕಟ್ಟಿದ ಹಾಗಿತ್ತು. ಆ ಒಂದು ಋತುವಿನಲ್ಲಿ ಎದುರಾಳಿಗಳು ಅವನನ್ನು 76 ಬಾರಿ ನೆಲಕ್ಕೆ ಕೆಡವಿದರು. 16 ಪಂದ್ಯ, 76 ಸಲ. ಅದು ಇವತ್ತಿಗೂ ದಾಖಲೆ. ಹೀಗೆ ಬಿದ್ದು ಬಿದ್ದು ಏಳುವ ಹುಡುಗ ಚೆಂಡು ಎಸೆಯುವ ಮುಂಚೆಯೇ ಪೆಟ್ಟು ಎಲ್ಲಿಂದ ಬರುತ್ತದೆ ಎಂದು ನೋಡಲು ಕಲಿಯುತ್ತಾನೆ, ರಿಸೀವರ್ ಎಲ್ಲಿದ್ದಾನೆ ಎಂದು ನೋಡುವುದನ್ನು ಮರೆಯುತ್ತಾನೆ. ಮೇಲಿನ ಸರದಿ ಸಿಗುವುದು ಸೋತ ತಂಡಕ್ಕೆ, ಸೋತ ತಂಡದ ಗೋಡೆಯೇ ಸಾಮಾನ್ಯವಾಗಿ ಕುಸಿದಿರುತ್ತದೆ. ಪ್ಯಾಂಥರ್ಸ್ ಮಾಡಿದ್ದು ಇದನ್ನೇ ದುಪ್ಪಟ್ಟಾಗಿ: ಗೋಡೆಗೆ ಬಳಸಬಹುದಾಗಿದ್ದ ಸರದಿಗಳನ್ನೂ ಚೆಂಡು ಹಿಡಿಯುವವನನ್ನೂ ಕೊಟ್ಟು ಹುಡುಗನನ್ನು ತಂದಿತು. 2023ರಲ್ಲಿ ಯಂಗ್ 62 ಬಾರಿ ಬಿದ್ದ. ತಂಡ 2 ಗೆದ್ದು 15 ಸೋತು ಎಲ್ಲರಿಗಿಂತ ಕೆಳಗೆ ನಿಂತಿತು. ಹಾಗಾಗಿ 2024ರ ಮೊದಲ ಸರದಿ ಅದಕ್ಕೆ ಬರಬೇಕಿತ್ತು. ಬರಲಿಲ್ಲ, ಅದನ್ನು ಶಿಕಾಗೊಗೆ ಬರೆದುಕೊಟ್ಟಾಗಿತ್ತು. ಬೇರ್ಸ್ ಆ ಸರದಿಯಿಂದಲೇ ಕೇಲೆಬ್ ವಿಲಿಯಮ್ಸ್‌ನನ್ನು ತಂದಿತು. ಬೇರ್ಸ್ ಗೋಡೆಯೇನೂ ಕೋಟೆಯಾಗಿರಲಿಲ್ಲ ಅನ್ನಿ. ಮೊದಲ ವರ್ಷ ವಿಲಿಯಮ್ಸ್ ಬಿದ್ದದ್ದು 68 ಸಲ.

ಹಾಳಾದ ಏರಿಕೆಗಳಲ್ಲಿ ನಮ್ಮವರಿಗೆ ಹತ್ತಿರದ್ದು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಕಥೆ. ಅವರು ಆಡುವುದು ಸ್ಯಾಂಟಾ ಕ್ಲಾರಾದಲ್ಲಿ, ಸುತ್ತಮುತ್ತಲ ಸನ್ನಿವೇಲ್, ಕ್ಯುಪರ್ಟಿನೋ ಕಡೆ ಕನ್ನಡಿಗರ ಮನೆಗಳು ಸಾಕಷ್ಟಿವೆ. 2021ರಲ್ಲಿ ಆ ತಂಡ 12ರಿಂದ 3ಕ್ಕೆ ಏರಲು ಮಯಾಮಿಗೆ ಮೂರು ವರ್ಷಗಳ ಮೊದಲ ಸುತ್ತುಗಳನ್ನು ಕೊಟ್ಟು, ಮೇಲೆ ಕೊಸರಾಗಿ ಒಂದು ಮೂರನೇ ಸುತ್ತನ್ನೂ ಸೇರಿಸಿತು. ಬಂದ ಟ್ರೇ ಲ್ಯಾನ್ಸ್ ಆ ತಂಡದ ಪರ ನಾಲ್ಕೇ ಪಂದ್ಯ ಶುರುಮಾಡಿದ. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಸರದಿಗೆ ಅವನನ್ನು ಡಾಲಸ್‌ಗೆ ದಾಟಿಸಿದರು. ಅಷ್ಟರೊಳಗೆ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಸರದಿಯಲ್ಲಿ ಯಾರಿಗೂ ಬೇಡವಾಗಿ ಬಂದ ಬ್ರಾಕ್ ಪರ್ಡಿ ತಂಡವನ್ನು ಓಡಿಸುತ್ತಿದ್ದ. ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 37 ಲಕ್ಷ ಡಾಲರ್ ಅವನ ಸಂಬಳ. 2024ರ ಫೆಬ್ರುವರಿಯಲ್ಲಿ ಅವನು ತಂಡವನ್ನು ಸೂಪರ್ ಬೌಲ್‌ಗೆ ಒಯ್ದು, ಹೆಚ್ಚುವರಿ ಸಮಯದಲ್ಲಿ ಮಹೋಮ್ಸ್ ಎದುರು 25–22ರಿಂದ ಸೋತ. 2025ರಲ್ಲಿ ಅವನ ಹೊಸ ಒಪ್ಪಂದ: ಐದು ವರ್ಷ, 26.5 ಕೋಟಿ. ಅಗ್ಗದ ವರ್ಷಗಳು ಮುಗಿದವು.

ಪರ್ಡಿಯನ್ನೋ, 2000ದಲ್ಲಿ 199ನೆಯವನಾಗಿ ಬಂದ ಟಾಮ್ ಬ್ರೇಡಿಯನ್ನೋ ತೋರಿಸಿ, ಕೊನೆಯಲ್ಲೂ ರತ್ನ ಸಿಗುತ್ತದೆ, ಮೊದಲೇ ಯಾಕೆ ಆತುರ ಎನ್ನುವವರಿದ್ದಾರೆ. ಇದು ಲಾಟರಿ ಹೊಡೆದವನನ್ನು ನೋಡಿ ಗದ್ದೆ ಬೀಳುಬಿಟ್ಟ ಹಾಗೆ. ಬ್ರೇಡಿ ಸಿಗುತ್ತಾನೆಂದು ಅವನನ್ನು ಆರಿಸಿದ ನ್ಯೂ ಇಂಗ್ಲೆಂಡ್ ತಂಡಕ್ಕೇ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಐದು ಸುತ್ತು ಸುಮ್ಮನೆ ಕೂರುತ್ತಿತ್ತೇ?

ಈಗ ಆ ಟಾಸ್‌ನ ಬಾಲ. ವಾಷಿಂಗ್ಟನ್‌ನ ಗ್ರಿಫಿನ್ ಮೊದಲ ವರ್ಷ ನಿಜಕ್ಕೂ ಹಬ್ಬ ಮಾಡಿಸಿದ್ದ, ವರ್ಷದ ಹೊಸಬ ಪ್ರಶಸ್ತಿಯನ್ನೂ ಗೆದ್ದಿದ್ದ. 2013ರ ಜನವರಿಯಲ್ಲಿ ಮಂಡಿ ಹೋಯಿತು, ಆ ಆಟ ಮತ್ತೆ ಬರಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ವಾಷಿಂಗ್ಟನ್ 102ನೆಯವನಾಗಿ ಆರಿಸಿದ್ದ ಕರ್ಕ್ ಕಸಿನ್ಸ್ 2015ರಿಂದ ಅವನ ಜಾಗ ಹಿಡಿದ. ಸರಿ. ಆದರೆ ಕೈತುಂಬ ಸರದಿ ಬಾಚಿಕೊಂಡ ರ‍್ಯಾಮ್ಸ್ ಏನಾಯಿತು? 2012ರಿಂದ 2016ರವರೆಗೆ ಒಂದೇ ಒಂದು ವರ್ಷವೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. ಟಾಸ್‌ಗೆ ಆರು ಕ್ಯಾಪ್ಟನ್‌ಗಳಿದ್ದರು, ಚೆಂಡು ಎಸೆಯುವವನು ಇರಲಿಲ್ಲ. ಕೊನೆಗೆ 2016ರ ಏಪ್ರಿಲ್‌ನಲ್ಲಿ ರ‍್ಯಾಮ್ಸ್ ತಾನೇ ಚೀಟಿ ಕೂಗಿತು: 15ರಿಂದ 1ಕ್ಕೆ ಏರಿ ಜಾರೆಡ್ ಗಾಫ್‌ನನ್ನು ತರಲು ಟೆನೆಸ್ಸಿ ತಂಡಕ್ಕೆ ಎರಡು ಮೊದಲ ಸುತ್ತು, ಎರಡು ಎರಡನೇ ಸುತ್ತು, ಎರಡು ಮೂರನೇ ಸುತ್ತು ಸುರಿಯಿತು. ಟೆನೆಸ್ಸಿ ಅದರಲ್ಲೊಂದರಿಂದ ಚೆಂಡು ಹೊತ್ತು ಓಡುವ ಡೆರಿಕ್ ಹೆನ್ರಿಯನ್ನು ತಂದುಕೊಂಡಿತು. ಗಾಫ್ 2019ರ ಫೆಬ್ರುವರಿಯಲ್ಲಿ ರ‍್ಯಾಮ್ಸ್ ಅನ್ನು ಸೂಪರ್ ಬೌಲ್‌ಗೆ ಒಯ್ದ. ಆಗಲೂ ಗೆಲ್ಲಲಿಲ್ಲ. 2021ರಲ್ಲಿ ಅವನ ಜೊತೆ ಇನ್ನೆರಡು ಮೊದಲ ಸುತ್ತುಗಳನ್ನೂ ಒಂದು ಮೂರನೆಯದನ್ನೂ ಡೆಟ್ರಾಯಿಟ್‌ಗೆ ಕೊಟ್ಟು, ಪಳಗಿದ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದು, ಮರುವರ್ಷ ಫೆಬ್ರುವರಿಯಲ್ಲಿ ಗೆದ್ದಿತು.

ಕಾಯುವುದನ್ನೇ ಧರ್ಮ ಮಾಡಿಕೊಂಡದ್ದು ಕ್ಲೀವ್‌ಲ್ಯಾಂಡ್ ಬ್ರೌನ್ಸ್. 2016ರಲ್ಲಿ 2ನೇ ಸರದಿಯನ್ನು ಫಿಲಡೆಲ್ಫಿಯಾಗೆ ಮಾರಿತು, 2017ರಲ್ಲಿ 12ನೆಯದನ್ನು ಹ್ಯೂಸ್ಟನ್‌ಗೆ ಮಾರಿತು. ಮೈದಾನದಲ್ಲಿ ಮೊದಲ ವರ್ಷ 16ರಲ್ಲಿ ಒಂದು ಗೆಲುವು, ಎರಡನೇ ವರ್ಷ ಸೊನ್ನೆ. ಹ್ಯೂಸ್ಟನ್ ಆ 12ರಿಂದ ತಂದದ್ದು ಡಿಶಾನ್ ವಾಟ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಐದು ವರ್ಷದ ನಂತರ ಅದೇ ವಾಟ್ಸನ್‌ಗಾಗಿ ಬ್ರೌನ್ಸ್ ಮೂರು ಮೊದಲ ಸುತ್ತುಗಳನ್ನು ಕೊಟ್ಟು, 23 ಕೋಟಿ ಡಾಲರ್ ಪೂರ್ತಿ ಖಾತರಿ ಸಂಬಳ ಬರೆದುಕೊಟ್ಟಿತು. ಅದೂ ಫಲಿಸಲಿಲ್ಲ.

ಹಾಗಾಗಿ ನನ್ನ ತಕ್ಕಡಿ ಹೀಗೆ. ನಿಮ್ಮ ಸ್ವಂತ ಸರದಿಯಲ್ಲೇ ನಂಬಿಕೆ ಹುಟ್ಟಿಸುವ ಕ್ವಾರ್ಟರ್‌ಬ್ಯಾಕ್ ಸಿಗುತ್ತಿದ್ದರೆ, ಮನೆಯಲ್ಲಿ ಒಬ್ಬ ಇಲ್ಲದಿದ್ದರೆ, ಆರಿಸಿಬಿಡಿ. ಈಗಿನ ಸಂಬಳದ ಬೇಲಿಯೊಳಗೆ ಅವನು ಹುಸಿಯಾದರೂ ಹೋಗುವುದು ಒಂದು ಸರದಿ ಮಾತ್ರ. 2018ರಲ್ಲಿ ಜೋಶ್ ರೋಸನ್‌ನನ್ನು 10ನೆಯವನಾಗಿ ತಂದ ಅರಿಜೋನಾ ಮರುವರ್ಷವೇ ನಾಚಿಕೆ ಬಿಟ್ಟು ಮೊದಲ ಸರದಿಯಲ್ಲಿ ಕೈಲರ್ ಮರ್ರಿಯನ್ನು ಆರಿಸಿತಲ್ಲ, ಆ ಗಟ್ಟಿತನ ಬೇಕು. ಮುಂದಿನ ವರ್ಷಗಳ ಮೊದಲ ಸುತ್ತುಗಳನ್ನು ಅಡವಿಟ್ಟು ಏರುವುದು ಮಾತ್ರ ಬೇರೆ ಜಾತಿಯ ವ್ಯವಹಾರ. ಅಲ್ಲಿ ಹುಡುಗ ಹುಸಿಯಾದರೆ ಅವನ ಬದಲಿಗೆ ಇನ್ನೊಬ್ಬನನ್ನು ತರುವ ದಾರಿಯೂ ಅವನ ಜೊತೆಗೇ ಹೋಗಿರುತ್ತದೆ. ಇನ್ನು ಕೆಳಕ್ಕೆ ಸರಿಯುವುದು: ಕ್ವಾರ್ಟರ್‌ಬ್ಯಾಕ್ ಆಗಲೇ ಇರುವವರಿಗೆ ಅದು ಹೆಚ್ಚೂಕಡಿಮೆ ಯಾವಾಗಲೂ ಒಳ್ಳೆಯ ವ್ಯಾಪಾರ. ಇಲ್ಲದವರಿಗೆ ಅದು ಮುಂದೂಡಿಕೆ.

ಸರಿಯುವವರು ಇವತ್ತಿಗೂ ಎತ್ತಿ ಹೇಳುವ ಉದಾಹರಣೆ 2018ರ ಇಂಡಿಯಾನಾಪೊಲಿಸ್ ಕೋಲ್ಟ್ಸ್. ಅವರ ಬಳಿ ಆಂಡ್ರೂ ಲಕ್ ಇದ್ದ. ಭುಜದ ಪೆಟ್ಟಿನಿಂದ 2017 ಪೂರ್ತಿ ಆಡಿರಲಿಲ್ಲ, ಆದರೂ ಇದ್ದ. 3ನೇ ಸರದಿಯನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಮಾರಿ, 6ನೆಯದನ್ನೂ ಮೂರು ಎರಡನೇ ಸುತ್ತುಗಳನ್ನೂ ಪಡೆದರು. 6ರಲ್ಲಿ ಕ್ವೆಂಟನ್ ನೆಲ್ಸನ್, 37ರಲ್ಲಿ ಬ್ರೇಡನ್ ಸ್ಮಿತ್: ಇಬ್ಬರೂ ಗೋಡೆಗೆ. ಆ ಋತುವಿನಲ್ಲಿ ಲಕ್ ಬಿದ್ದದ್ದು ಬರೀ 18 ಸಲ. ಪುಸ್ತಕದಲ್ಲಿ ಬರೆದಿಡಬೇಕಾದಷ್ಟು ಸರಿಯಾದ ವ್ಯಾಪಾರ. 2019ರ ಆಗಸ್ಟ್ 24ರ ರಾತ್ರಿ, 29ನೇ ವಯಸ್ಸಿಗೆ, ದೇಹ ಸಾಕೆನ್ನುತ್ತಿದೆ ಎಂದು ಲಕ್ ನಿವೃತ್ತಿ ಹೇಳಿದ. ಗೋಡೆ ಉಳಿಯಿತು, ಹಿಂದೆ ನಿಲ್ಲುವವನು ಹೋದ. ಅಲ್ಲಿಂದ ಋತುವಿನ ಮೊದಲ ಪಂದ್ಯಕ್ಕೆ ವರ್ಷಕ್ಕೊಬ್ಬ: ಬ್ರಿಸೆಟ್, ರಿವರ್ಸ್, ವೆಂಟ್ಜ್, ರಯಾನ್. 2023ರಲ್ಲಿ ಕೋಲ್ಟ್ಸ್ ಕಾದದ್ದು ಸಾಕು ಎಂದು 4ನೇ ಸರದಿಯಲ್ಲಿ ಆಂಥೊನಿ ರಿಚರ್ಡ್‌ಸನ್ ಎಂಬ ಹುಡುಗನನ್ನು ಆರಿಸಿತು. 2025ರ ಋತು ಶುರುವಾಗುವ ಹೊತ್ತಿಗೆ ಅವನೂ ಬೆಂಚಿಗೆ ಹೋಗಿದ್ದ. ಅವನ ಜಾಗದಲ್ಲಿ ನಿಂತಿದ್ದವನು ಡೇನಿಯಲ್ ಜೋನ್ಸ್, 2019ರಲ್ಲಿ ನ್ಯೂಯಾರ್ಕ್ ಜೈಂಟ್ಸ್ 6ನೇ ಸರದಿಯಲ್ಲಿ ಆರಿಸಿ, ಐದು ವರ್ಷ ಕಾದು, ಬಿಟ್ಟುಕೊಟ್ಟ ಹುಡುಗ.